ಎಂಟು ಗಂಟೆಯೊಳಗಿನ ತಪ್ಪುಗಳು

ಗೌಹರಬೇಗಂಳಲ್ಲಿ ದಯೆ ಇರಲಿಲ್ಲ. ನ್ಯಾಯ ಇತ್ತು, ನೇಮ ಇತ್ತು, ದುಡಿಮೆಯಂತೂ ಮೂವರಿಗೆ ಹಂಚುವಷ್ಟಿತ್ತು. ದಯೆ ಮಾತ್ರ ಇರಲಿಲ್ಲ. ಸುರಪುರದ ರಂಗಂಪೇಟೆಯ ಆ ಓಣಿಯಲ್ಲಿ ಈ ಮಾತನ್ನು ಅಲ್ಲಗಳೆಯುವವರು ಯಾರೂ ಇರಲಿಲ್ಲ. ಕಕ್ಕೇರಾದಿಂದ ಸೊಸೆಯಾಗಿ ಬಂದ ಸಾಬೇರಾ ಹದಿನೈದೇ ದಿನದಲ್ಲಿ ಇದನ್ನು ತಾನಾಗಿಯೇ ಕಂಡುಕೊಂಡಳು. ಆಮೇಲಿನ ಎರಡು ವರ್ಷಗಳಲ್ಲಿ ಅಭಿಪ್ರಾಯ ಬದಲಿಸಿಕೊಳ್ಳುವಂಥದ್ದೇನೂ ಅವಳಿಗೆ ಕಾಣಲಿಲ್ಲ.

ಗೌಹರಬೇಗಂಗೆ ಅರವತ್ತನಾಲ್ಕು ವರ್ಷ. ಮೂವತ್ತಾರಕ್ಕೆ ಗಂಡ ಸತ್ತ. ಆಗ ಮಗ ಮುಷರಫನಿಗೆ ಒಂದು ವರ್ಷ, ಹಿತ್ತಲಲ್ಲಿ ಎರಡು ಎಮ್ಮೆ. ಎರಡು ಎಮ್ಮೆ ಐದಾದವು. ಇಪ್ಪತ್ತಮೂರು ವರ್ಷ ಆಕೆ ಬೆಳಗಿನ ಮೂರೂವರೆಗೆ ಎದ್ದು ಸಗಣಿ ಬಳಿದು, ಹಾಲು ಹಿಂಡಿ, ತಲೆಯ ಮೇಲೆ ಕ್ಯಾನ್ ಹೊತ್ತು ಸುರಪುರದ ಮನೆಮನೆಗೆ ಹಾಲು ಹಾಕಿ ಬಂದಳು. ಜ್ವರ ಬಂದರೂ ಎದ್ದಳು, ಅತ್ತೆ ಸತ್ತ ದಿನವೂ ಎದ್ದಳು. ಐದು ವರ್ಷದ ಹಿಂದೆ ಮೊಣಕಾಲು ಕೈಕೊಟ್ಟಾಗ ಎಮ್ಮೆಗಳನ್ನು ಮಾರಿದಳು. ಎಮ್ಮೆಗಳು ಹೋದವು, ಮೂರೂವರೆ ಹೋಗಲಿಲ್ಲ. ಕೆಲಸವಿಲ್ಲದಿದ್ದರೂ ಆ ಹೊತ್ತಿಗೆ ಸರಿಯಾಗಿ ಆಕೆಯ ಕಣ್ಣು ತೆರೆಯುತ್ತಿತ್ತು. ಎದ್ದು ಅಂಗಳ ಗುಡಿಸುವಳು, ಕೊಡ ತೊಳೆಯುವಳು, ತೊಳೆದ ಕೊಡವನ್ನೇ ಮತ್ತೆ ತೊಳೆಯುವಳು. ಆರು ಗಂಟೆಗೆ ಇನ್ನೂ ಹಾಸಿಗೆಯಲ್ಲಿದ್ದವರನ್ನು ಕಳ್ಳರನ್ನು ನೋಡಿದ ಹಾಗೆ ನೋಡುವಳು. ಎದ್ದವರು ಒಳ್ಳೆಯವರು, ಮಲಗಿದವರು ಕೆಟ್ಟವರು. ಜಗತ್ತನ್ನು ಆಕೆ ಇಷ್ಟು ಸುಲಭವಾಗಿ ಎರಡು ಪಾಲು ಮಾಡಿಕೊಂಡಿದ್ದಳು.

ಸಾಬೇರಾ ಎರಡನೆಯ ಪಾಲಿಗೆ ಸೇರಿದವಳು. ಬೆಳಿಗ್ಗೆ ಅವಳ ಮೈ ನೀರಲ್ಲಿ ನೆನೆದ ಕೌದಿಯಂತೆ ಭಾರವಾಗಿರುತ್ತಿತ್ತು. ಹತ್ತು ಗಂಟೆಯ ಹೊತ್ತಿಗೆ ಹಗುರಾಗುತ್ತಿತ್ತು, ದೀಪ ಹಚ್ಚುವ ಹೊತ್ತಿಗೆ ಚುರುಕಾಗುತ್ತಿತ್ತು. ಅವಳು ಬ್ಲೌಸು, ಸಲ್ವಾರು ಹೊಲಿಯುತ್ತಿದ್ದಳು. ಊರೆಲ್ಲ ಆಕಳಿಸುವ ವೇಳೆಗೆ ಸೂಜಿಗೆ ದಾರವನ್ನು ಒಂದೇ ಏಟಿಗೆ ಪೋಣಿಸುವ ಕೈ ಅವಳದು.

ಅದೇ ಕೈ ಬೆಳಿಗ್ಗೆ ಬೇರೆ ಯಾರದೋ ಆಗಿರುತ್ತಿತ್ತು. ಎದ್ದ ಒಂದೆರಡು ತಾಸಿನೊಳಗೆ, ಯಾರೋ ಮೊಣಕೈಗೆ ಹಗ್ಗ ಕಟ್ಟಿ ಹಠಾತ್ತನೆ ಎಳೆದಂತೆ, ಕೈ ಜಿಗಿಯುವುದು. ಹಿಡಿದದ್ದು ಹಾರಿಹೋಗುವುದು. ಕಪ್ಪು, ಲಟ್ಟಣಿಗೆ, ಹಲ್ಲುಜ್ಜುವ ಬ್ರಷ್ಷು. ಒಂದು ಕ್ಷಣ ಅಷ್ಟೇ, ಮತ್ತೆ ಎಲ್ಲ ಸರಿ. ಹದಿನಾರನೆಯ ವಯಸ್ಸಿನಿಂದ ಹೀಗೆ. ತವರಿನಲ್ಲಿ ತಾಯಿ ಇವಳನ್ನು ಗಡಬಡಿ ಹುಡುಗಿ ಎಂದು ಬೈದು ಬಿಟ್ಟಿದ್ದಳು. ಇದೊಂದು ರೋಗವಿರಬಹುದೆಂದು ಅಲ್ಲಿ ಯಾರಿಗೂ ಹೊಳೆಯಲಿಲ್ಲ, ಸಾಬೇರಾಗೂ ಹೊಳೆಯಲಿಲ್ಲ. ನಿಶ್ಶಕ್ತಿ ಇರಬೇಕೆಂದು ನಾಚಿಕೊಂಡು ಸುಮ್ಮನಿದ್ದಳು.

ಗೌಹರಬೇಗಂಗೆ ಮಾತ್ರ ಅದೇನೆಂದು ಖಚಿತವಾಗಿ ಗೊತ್ತಿತ್ತು.

"ಎಬ್ಬಿಸಿದ್ದಕ್ಕ ಸಿಟ್ಟು," ಎನ್ನುತ್ತಿದ್ದಳು. "ಬಾಯಿಲೆ ಅನ್ನಾಕ ಧೈರ್ಯ ಇಲ್ಲ, ಕಪ್ಪು ಒಗದು ತೋರಸ್ತಾಳ."

"ಅಮ್ಮೀ, ನಾ ಒಗೀಲಿಲ್ಲ. ಕೈಯಾಗಿಂದ ಹೋತು."

"ಕೈಯಾಗಿಂದ ಹೋಗಾಕ ಅದೇನು ಗುಬ್ಬಿಯೇನು?"

ಮನೆಯ ಮಾತು ದಖನಿ ಉರ್ದು. ಅದನ್ನು ಈ ಸೀಮೆಯ ಕನ್ನಡಕ್ಕೆ ತಂದರೆ ಹೀಗೇ ಕೇಳುತ್ತದೆ, ಹೆಚ್ಚು ಮೆದುವಾಗಿಯೇನೂ ಅಲ್ಲ.

ಆ ವರ್ಷ ರಮಜಾನ್ ಫೆಬ್ರುವರಿಯ ಕೊನೆಯ ಭಾಗದಲ್ಲಿ ಬಂತು. ಹೊಲಿಗೆಯವರಿಗೆ ಅದೇ ಸುಗ್ಗಿ. ಈದ್‌ಗೆ ಹೊಸ ಬಟ್ಟೆ ಬೇಕೆಂದು ಓಣಿಯ ಅರ್ಧದಷ್ಟು ಹೆಂಗಸರು ಬಟ್ಟೆ ತಂದು ಸಾಬೇರಾಳ ಮಷಿನ್ ಮೇಲೆ ಹೇರಿದರು. ಅವಳು ಮಲಗುವಾಗ ಒಂದು ಗಂಟೆ ಆಗುತ್ತಿತ್ತು. ಸಹರಿಯ ಅಡುಗೆಗೆ ನಾಲ್ಕಕ್ಕೆ ಏಳಬೇಕು. ಮುಂಬೆಳಗಿನ ಅಜಾನ್‌ಗೆ ಮೊದಲು ಉಂಡು ಮುಗಿಸಿದರೆ ಮತ್ತೆ ಸೂರ್ಯ ಮುಳುಗುವ ತನಕ ನೀರೂ ಇಲ್ಲ. ಹಸಿವನ್ನು ಅವಳು ತಡೆದುಕೊಳ್ಳಬಲ್ಲಳು. ನಿದ್ದೆಗೆಟ್ಟು ಗೋಡೆ ಹಿಡಿದು ನಡೆಯುವಂತಾಗಿದ್ದಳು. ಕೈಯ ಜಿಗಿತ ದಿನಕ್ಕೊಂದು ಇದ್ದದ್ದು ನಾಲ್ಕಾಯಿತು, ಐದಾಯಿತು.

ಒಂಬತ್ತನೆಯ ರೋಜಾದ, ಅಂದರೆ ಉಪವಾಸದ, ದಿನ ಸಹರಿಯ ಹೊತ್ತಿಗೆ ಒಂದು ಬೋಗುಣಿ ಚಹಾ ಅವಳ ಕೈಯಿಂದ ಹಾರಿ ಗೋಡೆಗೆ ಬಡಿದು, ನಮಾಜಿನ ಚಾಪೆಯ ಮೇಲೆ ಹರಿಯಿತು. ಗೌಹರಬೇಗಂ ಕೂಗಾಡಲಿಲ್ಲ. ಚಾಪೆಯನ್ನು ಎತ್ತಿ ಹಗ್ಗದ ಮೇಲೆ ಹಾಕಿ ಬಂದು ಹೇಳಿದಳು:

"ಈದ್ ಮುಗೀಲಿ. ನಿನ್ನ ಕಕ್ಕೇರಾಕ್ಕ ಬಿಟ್ಟು ಬರ್ತೀನಿ. ಅಲ್ಲೇ ಮಲಗು, ಎಷ್ಟು ಬೇಕಾದಷ್ಟು."

ಗೌಹರಬೇಗಂ ಹೆದರಿಸುವುದಕ್ಕಾಗಿ ಮಾತಾಡುವವಳಲ್ಲ. ಮುಷರಫ್ ಕಡೇಚೂರಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ, ಸೈದಾಪುರದಲ್ಲಿ ನಾಲ್ವರ ಜೊತೆ ಒಂದು ಕೋಣೆ, ಮನೆಗೆ ಬರುವುದು ವಾರಕ್ಕೊಮ್ಮೆ. ತಾಯಿಯ ಮಾತನ್ನು ಅವನು ಎಂದೂ ಮೀರಿದವನಲ್ಲ. ಕಕ್ಕೇರಾದಲ್ಲಿ ಸಾಬೇರಾಳ ತಂಗಿಗೆ ಗಂಡು ನೋಡುತ್ತಿದ್ದರು. ಗಂಡನ ಮನೆಯವರು ಅಕ್ಕನನ್ನು ತಂದು ಬಿಟ್ಟುಹೋದರೆಂದು ಗೊತ್ತಾದರೆ ಆ ಮನೆಗೆ ಯಾರು ಬರುತ್ತಾರೆ? ಸಾಬೇರಾ ಈದ್‌ಗೆ ಉಳಿದ ದಿನಗಳನ್ನು ಎಣಿಸತೊಡಗಿದಳು.

ಹನ್ನೆರಡನೆಯ ರೋಜಾದ ಬೆಳಿಗ್ಗೆ ಆರರ ಸುಮಾರಿಗೆ ಅವಳು ಪಡಸಾಲೆಯಲ್ಲಿ ಕಸ ಗುಡಿಸುತ್ತಿದ್ದಳು. ಎರಡು ಸಲ ಕೈ ಜಿಗಿಯಿತು, ಪೊರಕೆ ಬಿತ್ತು. ಎತ್ತಿಕೊಳ್ಳಲು ಬಗ್ಗಿದ್ದು ನೆನಪಿದೆ. ಆಮೇಲೆ ಕಂಡದ್ದು ಜಂತಿ. ಬಾಯಲ್ಲಿ ರಕ್ತದ ಉಪ್ಪು, ನಾಲಿಗೆ ಕಚ್ಚಿಹೋಗಿತ್ತು. ಅಂಗೈಯಲ್ಲಿ ಕಬ್ಬಿಣದ ಬೀಗದ ಕೈಗಳ ಗೊಂಚಲು. ಪಕ್ಕದಲ್ಲಿ ಗೌಹರಬೇಗಂ ಮೊಣಕಾಲು ಚಾಚಿಕೊಂಡು ಕೂತಿದ್ದಳು. ಬೀದಿಯ ಬಾಗಿಲು ಮುಚ್ಚಿತ್ತು.

"ಏನಾತು ಅಮ್ಮೀ?"

"ಚೀರಿ ಬಿದ್ದಿ. ಕೈಕಾಲು ಬಡದುಕೊಂಡಿ. ಮೊದಲ ಬಾಗಿಲ ಹಾಕಿ ಬಂದೆ."

ಮೊದಲು ಬಾಗಿಲು, ಆಮೇಲೆ ನಾನು, ಎಂದುಕೊಂಡಳು ಸಾಬೇರಾ. ಅದಕ್ಕೆ ದುಃಖಪಡುವಷ್ಟು ಶಕ್ತಿಯೂ ಅವಳಲ್ಲಿರಲಿಲ್ಲ. ಬಾಗಿಲ ಹೊರಗೆ ಎದುರು ಮನೆಯ ಹಜರಾಬೀ ಎರಡು ಸಲ ಕೂಗಿದಳು, "ಆಪಾ, ಏನದು ಸಪ್ಪಳ?" ಒಳಗಿನಿಂದ ಯಾರೂ ಉತ್ತರ ಕೊಡಲಿಲ್ಲ. ಹಜರಾಬೀಗೆ ಒಂದು ಸುದ್ದಿ ಮುಂಜಾನೆ ತಿಳಿದರೆ ಮಧ್ಯಾಹ್ನಕ್ಕೆ ಇಡೀ ರಂಗಂಪೇಟೆಗೆ ತಿಳಿಯುತ್ತಿತ್ತು. ಫಿಟ್ಸ್ ಎಂಬ ಒಂದು ಪದ ಸಾಕು. ಅದರ ಹಿಂದೆ ಗಾಳಿ, ಸೋಂಕು, ಮಂತ್ರ, ತಾಯಿತ ಎಲ್ಲ ತಾವಾಗಿ ಬರುತ್ತವೆ. ಆಮೇಲೆ ಈದ್ ತನಕ ಕಾಯುವ ಅಗತ್ಯವೂ ಇರುವುದಿಲ್ಲ.

ಮರುದಿನ ಗೌಹರಬೇಗಂ ಸೊಸೆಯನ್ನು ಶಹಾಪುರದ ಬಸ್ಸು ಹತ್ತಿಸಿದಳು.

"ಸುರಪುರದಾಗ ದವಾಖಾನಿ ಇಲ್ಲೇನು?" ಎಂದಳು ಸಾಬೇರಾ.

"ಅದಾವ. ಅಲ್ಲಿ ತೋರಿಸಿದರ ನಿನಗೇನಾಗೇದಂತ ಹಜರಾಬೀನ ಬಂದು ನಮಗ ಹೇಳ್ತಾಳ." ಕಂಡಕ್ಟರ್ ಕೊಟ್ಟ ಸೊನ್ನೆ ಟಿಕೆಟ್ಟನ್ನು ಮಡಚಿ ಆಕೆ ಎಲೆಯಡಿಕೆಯ ಚೀಲಕ್ಕೆ ಹಾಕಿಕೊಂಡಳು. "ರೋಗ ಇದ್ದರ ರೋಗ, ಸೊಕ್ಕಿದ್ದರ ಸೊಕ್ಕು. ಯಾವುದಂತ ಗೊತ್ತಾಗಬೇಕು."

ಶಹಾಪುರದ ದವಾಖಾನೆಯ ಡಾಕ್ಟರ್ ಪರಿಮಳಾ ಐವತ್ತು ದಾಟಿದ ಹೆಂಗಸು. ಅವತ್ತು ಬೆಳಗಿನಿಂದ ಅರವತ್ತು ಜನರನ್ನು ನೋಡಿ ದಣಿದಿದ್ದರು. ಬಿದ್ದದ್ದು ಹೇಗೆ, ಎಷ್ಟು ಹೊತ್ತು ಎಂದು ಕೇಳಿ ಮುಗಿಸಿ, ತಲೆಯೆತ್ತದೆ ಇನ್ನೊಂದು ಪ್ರಶ್ನೆ ಕೇಳಿದರು.

"ಎದ್ದ ಕೂಡಲೆ ಕೈ ಜಗ್ಗಿದಂಗ ಆಗ್ತದೇನವಾ? ಹಿಡದದ್ದು ಬೀಳ್ತದೇನು?"

ಸಾಬೇರಾ ಬಾಯಿ ತೆರೆಯುವಷ್ಟರಲ್ಲಿ ಗೌಹರಬೇಗಂ ಮುಂದೆ ಬಾಗಿದಳು. "ಬೀಳೂದಲ್ರಿ, ಒಗೀತಾಳ. ಸೊಕ್ಕು."

"ಏನೇನ ಒಗದಾಳ?"

ಎರಡು ವರ್ಷದಿಂದ ಈ ಪ್ರಶ್ನೆಗಾಗಿಯೇ ಕಾದಿದ್ದವಳಂತೆ ಗೌಹರಬೇಗಂ ಶುರುಮಾಡಿದಳು. ಓದು ಬರಹ ಬಾರದವಳು, ಆದರೆ ಅವರಿವರ ತಪ್ಪುಗಳ ವಿಷಯದಲ್ಲಿ ಆಕೆಯ ನೆನಪು ಕಲ್ಲಿನ ಮೇಲೆ ಕೊರೆದಂಥದ್ದು. "ಮದಿವಿಯಾದ ಮೂರನೇ ದಿನ, ಮುಂಜಾನಿ ಆರೂವರಿಗೆ, ಚಾದ ಕಪ್ಪು. ನನ್ನ ತಂಗಿ ಮಗನ ನಿಕಾ ಮುಗಿಸಿ ಬಂದ ಮರುದಿನ, ಏಳಕ್ಕ, ಹಿಟ್ಟಿನ ಪರಾತ. ಹ್ವಾದ ವರ್ಷ ರಮಜಾನ್‌ದಾಗ ಎರಡು ಕಪ್ಪು, ಒಂದ ಗಾಜಿನ ಲೋಟ, ಎಲ್ಲಾ ಸಹರಿ ಹೊತ್ತಿನಾಗ. ತವರಿಗೆ ಹೋಗಿ ಕಡೀ ಬಸ್ಸಿಗೆ ಬಂದಿದ್ದಳು ನೋಡ್ರಿ, ಅದರ ಮರುದಿನ ಆರಕ್ಕ, ಹಾಲಿನ ಚರಗಿ. ಶಬೆ ಬರಾತ್ ಜಾಗರಣಿ ಮರುದಿನ ಏಳೂವರಿಗೆ ಲಟ್ಟಣಿಗಿ, ಅದು ಹಾರಿ ಕೋಳಿಗೆ ಬಿತ್ತು. ಈಗ ಒಂಬತ್ತನೇ ರೋಜಾಕ್ಕ ಒಂದ ಬೋಗಾಣಿ ಚಾ."

ಡಾಕ್ಟರ್ ಬರೆದುಕೊಳ್ಳತೊಡಗಿದ್ದರು. ಸಾಬೇರಾ ನೆಲ ನೋಡುತ್ತ ಕೂತಿದ್ದಳು. ಇಷ್ಟೊಂದು ಅಪರಾಧಗಳನ್ನು ಒಟ್ಟಿಗೆ ಕೇಳಿ ಅವಳಿಗೇ ತಾನು ತಪ್ಪಿತಸ್ಥೆ ಇರಬಹುದೆನಿಸಿತು.

"ಸಂಜೀಕ ಏನರ ಒಗದಾಳೇನು?"

ಗೌಹರಬೇಗಂ ನೆನಪಿನಲ್ಲಿ ಹುಡುಕಿದಳು. "ಸಂಜೀಕ ಇಲ್ರಿ."

"ಮಧ್ಯಾಹ್ನ?"

"ಇಲ್ರಿ."

"ಮುಂಜಾನಿ ಎಂಟರ ನಂತರ?"

ಈ ಸಲ ಹುಡುಕುವುದು ತಡವಾಯಿತು. ಸಾಬೇರಾ ಕಣ್ಣಿನ ಅಂಚಿನಲ್ಲಿ ನೋಡಿದಳು. ಅತ್ತೆಯ ತುಟಿ ದಿನಗಳನ್ನು ಒಂದೊಂದಾಗಿ ಎಣಿಸುತ್ತಿತ್ತು.

"ಒಂದೂ ಇಲ್ರಿ," ಎಂದಳು ಗೌಹರಬೇಗಂ.

"ಎಂಟು ಹೊಡದ ಕೂಡಲೆ ಸೊಕ್ಕು ಇಳೀತದೇನ್ರಿ?" ಡಾಕ್ಟರ್ ಪೆನ್ನು ಕೆಳಗಿಟ್ಟರು. "ನಿಕಾ ಮರುದಿನ, ಶಬೆ ಬರಾತ್ ಮರುದಿನ, ಕಡೀ ಬಸ್ಸಿಗೆ ಬಂದ ಮರುದಿನ. ಎಲ್ಲಾ ನಿದ್ದಿಗೆಟ್ಟ ಮರುದಿನಾನ ಅದಾವ. ನಾ ಅರ್ಧ ತಾಸು ಕೇಳಿದ್ದರೂ ಇಷ್ಟು ಚೊಲೋ ಸಿಗ್ತಿದ್ದಿಲ್ಲ. ಇದು ಒಂದು ನಮೂನಿ ಫಿಟ್ಸ್. ಎದ್ದ ಹೊತ್ತಿನಾಗ ಬರ್ತದ, ನಿದ್ದಿ ಕಡಿಮಿಯಾದರ ಜೋರಾಗ್ತದ. ಮೊದಲ ಬರೇ ಕೈ ಜಿಗೀತದ. ಭಾಳ ನಿದ್ದಿಗೆಟ್ಟರ ಇಡೀ ಮೈಗೆ ಬರ್ತದ."

"ಎದ್ದ ಹೊತ್ತಿನಾಗ ಯಾಕ್ರಿ?" ಎಂದಳು ಗೌಹರಬೇಗಂ. "ನಾ ಎಮ್ಮಿ ಇಟ್ಟಾಗಿಂದ ಮೂರೂವರಿಗೆ ಏಳ್ತೀನಿ, ನನಗೇನೂ ಆಗಿಲ್ಲ."

ಡಾಕ್ಟರ್ ಹೊರಗಿನ ಸಾಲನ್ನೊಮ್ಮೆ ನೋಡಿದರು. ಆದರೂ ಹೇಳಿದರು. ಕಣ್ಣಿನಿಂದ ಬರುವ ನರಗಳು ತಲೆಯೊಳಗೆ ಕೂಡುವ ಜಾಗದ ಮೇಲೆ ಅಕ್ಕಿಕಾಳಿಗಿಂತ ಸಣ್ಣದೊಂದು ಗಡಿಯಾರವಿದೆ. ಬೆಳಕು ನೋಡಿ ಅದು ದಿನವೂ ತನ್ನನ್ನು ಸರಿಮಾಡಿಕೊಳ್ಳುತ್ತದೆ. ಮೈ ಯಾವಾಗ ಬಿಸಿಯೇರಬೇಕು, ಹೊಟ್ಟೆ ಯಾವಾಗ ಹಸಿಯಬೇಕು, ರಕ್ತದ ಒತ್ತಡ ಯಾವಾಗ ಏರಬೇಕು, ನಿದ್ದೆ ಯಾವಾಗ ಬರಬೇಕು, ಎಲ್ಲ ಅದರ ಹುಕುಂ. ಇಲಿಗೂ ಇದೆ, ಎಮ್ಮೆಗೂ ಇದೆ, ಮನುಷ್ಯರಿಗೂ ಇದೆ. ನಿದ್ದೆಯಿಂದ ಎಚ್ಚರಕ್ಕೆ ದಾಟುವ ಹೊತ್ತು ಮಿದುಳಿಗೆ ಗಟ್ಟಿ ಹೊತ್ತಲ್ಲ. ಕೆಲವರಿಗೆ ಅಲ್ಲೇ ಕಾಲು ಜಾರುತ್ತದೆ.

"ಎಮ್ಮಿ ಇಟ್ಟಿದ್ದೆ ಅಂದ್ರಲ್ಲ. ಹಿಂಡೋ ಹೊತ್ತು ತಪ್ಪಿದರ ಏನಾಗ್ತಿತ್ತು?"

"ಹಾಲು ಏರಿಸ್ಕೊಂತಿತ್ತು. ಎರಡ ದಿನ ಸರಿ ಇಳಸ್ತಿದ್ದಿಲ್ಲ."

"ಆಗ ಎಮ್ಮೀಗಿ ಬೈತಿದ್ದಿರೇನು?"

"ಎಮ್ಮೀಗಿ ಯಾಕ ಬೈಲಿ? ತಪ್ಪು ನಂದಿರ್ತಿತ್ತು."

ಡಾಕ್ಟರ್ ಆ ಮಾತನ್ನು ಮುಂದೆಳೆಯಲಿಲ್ಲ. ಅವರಿಗೆ ಪುರುಸೊತ್ತಿರಲಿಲ್ಲ. ಕಲಬುರಗಿಯಲ್ಲಿ ಮಿದುಳಿನ ಇಇಜಿ ಪರೀಕ್ಷೆ ಮಾಡಿಸಲು ಚೀಟಿ ಬರೆದರು. ಮಕ್ಕಳಾಗುವ ವಯಸ್ಸೆಂದು ಯೋಚಿಸಿ, ಬಸಿರಿಗೆ ತೊಂದರೆಯಾಗದಂಥ ಗುಳಿಗೆ ಬರೆದರು. ಬೆಳಿಗ್ಗೆ ಏಳಕ್ಕೊಂದು, ಸಂಜೆ ಏಳಕ್ಕೊಂದು, ಒಂದು ದಿನವೂ ತಪ್ಪಬಾರದು. ಹತ್ತೂವರೆಗೆ ಮಲಗಬೇಕು, ಏಳರತನಕ ಎಬ್ಬಿಸಬಾರದು. ಈ ಸಲ ರೋಜಾ ಬೇಡ, ಬಿಟ್ಟ ರೋಜಾಗಳ ಮಾತು ಗುಣವಾದ ಮೇಲೆ. ಎದ್ದ ಒಂದು ತಾಸು ಒಲೆಯ ಹತ್ತಿರ ಹೋಗಬಾರದು.

"ಸಹರಿ ಮಾಡೋರು ಯಾರ್ರಿ ಮತ್ತ?" ಎಂದಳು ಸಾಬೇರಾ. ಅದು ಅವಳ ಮೊದಲ ಮಾತು.

"ನಿಮ್ಮ ಅತ್ತಿ ಹ್ಯಾಂಗೂ ಎದ್ದಿರ್ತಾರಂತಲ್ಲ ಮೂರೂವರಿಗೆ."

"ಏಳ್ತೀನ್ರಿ," ಎಂದಳು ಗೌಹರಬೇಗಂ, ತುಸು ಎದೆ ಸೆಟೆಸಿ. "ಇಪ್ಪತ್ತೆಂಟು ವರ್ಷಾತು, ಒಂದ ದಿನ ತಪ್ಪಿಲ್ಲ."

"ಅದು ನಿಮ್ಮ ಹೆಚ್ಚುಗಾರಿಕಿ ಅಲ್ರಿ, ನಿಮ್ಮ ಮೈ ಇರೋದು ಹಂಗ. ವಯಸ್ಸಾದಂಗ ನಿದ್ದಿ ಇನ್ನಷ್ಟು ಬ್ಯಾಗ ಬಿಡ್ತದ. ಈಕಿ ಮೈ ತಡ ಇರೋದು ಸೋಮಾರಿತನನೂ ಅಲ್ಲ. ಮುಂದಿನವರು ಬರ್ರಿ."

ಬಸ್ಸಿನಲ್ಲಿ ಗೌಹರಬೇಗಂ ಡಾಕ್ಟರ ಚೀಟಿಯನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. ಆಕೆಯ ಜೀವಮಾನದ ಗಳಿಕೆಯನ್ನು ಡಾಕ್ಟರ್ ಒಂದೇ ವಾಕ್ಯದಲ್ಲಿ ಕಿತ್ತುಕೊಂಡಿದ್ದರು. ಸಾಬೇರಾ ಕಿಟಕಿಗೆ ತಲೆಯಿಟ್ಟು ನಿದ್ದೆಹೋದಳು. ಊರು ಬಂದಾಗ ಮೊಣಕೈಯಿಂದ ತಿವಿದು ಎಬ್ಬಿಸಿದಳು ಅತ್ತೆ.

ಕಲಬುರಗಿಯ ಪರೀಕ್ಷೆ ಡಾಕ್ಟರ್ ಹೇಳಿದ್ದನ್ನೇ ಹೇಳಿತು. ಅವತ್ತಿನಿಂದ ಯಾರೂ ಸಾಬೇರಾಳನ್ನು ಸಹರಿಗೆ ಎಬ್ಬಿಸಲಿಲ್ಲ. ಅದರಲ್ಲಿ ಪ್ರೀತಿ ಹುಡುಕುವ ಹುಚ್ಚು ಅವಳಿಗಿರಲಿಲ್ಲ. ಹುಕುಂ ಅಂದರೆ ಹುಕುಂ, ಗೌಹರಬೇಗಂ ಅದನ್ನು ಮುರಿಯುವವಳಲ್ಲ. ಆಕೆ ಹೊಲಿಗೆಯ ಹನ್ನೊಂದು ಗಂಟುಗಳನ್ನು ಅವರವರ ಮನೆಗೆ ತಿರುಗಿ ಕೊಟ್ಟು ಬಂದಳು. "ಆಗಂಗಿಲ್ಲ" ಎಂದಷ್ಟೇ ಹೇಳಿ ಬಂದಳಂತೆ. ಕಾರಣ ಹೇಳಲಿಲ್ಲ. ತನ್ನನ್ನು ಕಳಿಸುವ ತಯಾರಿ ಇರಬೇಕೆಂದು ಸಾಬೇರಾ ಅಂದುಕೊಂಡಳು. ಕೇಳುವ ಧೈರ್ಯ ಬರಲಿಲ್ಲ. ಗುಳಿಗೆಗೋ ಹಿಂದಿನ ನಿದ್ದೆಗಳ ಬಾಕಿಗೋ ಹಗಲೆಲ್ಲ ಮಂಕು ಕವಿಯುತ್ತಿತ್ತು. ಒಳಕೋಣೆಯಲ್ಲಿ ಬಾಗಿಲು ಮುಂದೆ ಮಾಡಿಕೊಂಡು, ಉಪವಾಸವಿರುವ ಮನೆಯಲ್ಲಿ ಕಳ್ಳಿಯಂತೆ ರೊಟ್ಟಿ ತಿನ್ನುತ್ತಿದ್ದಳು.

ಭಾನುವಾರ ಮುಷರಫ್ ಬಂದ. ಎಲ್ಲ ಕೇಳಿ ತಲೆ ಕೆರೆದುಕೊಂಡ.

"ಕಕ್ಕೇರಾದವರು ಮೊದಲ ಹೇಳಬೇಕಾಗಿತ್ತು ಅಮ್ಮೀ."

"ಅವರಿಗೂ ಗೊತ್ತಿದ್ದಿಲ್ಲ."

"ಓಣ್ಯಾಗ ಗೊತ್ತಾದರ ನಾ ಏನ ಹೇಳಲಿ? ಏನರ ಒಂದ ನೆಪ ಹೇಳಿಬಿಡೂನೇನು?"

"ನೀ ಹೇಳ್ಕೋ," ಎಂದಳು ಗೌಹರಬೇಗಂ. "ರೋಜಾ ಹಿಡದ ಬಾಯಾಗ ನಾ ಸುಳ್ಳು ಹೇಳಂಗಿಲ್ಲ. ಸುಳ್ಳು ಹೇಳಿದ ಮ್ಯಾಲೆ ಅದು ರೋಜಾ ಅಲ್ಲ, ಬರೇ ಹಸಕೊಂಡು ಕೂಡೋದು. ನನ್ನ ಯಾರೂ ಕೇಳಿಲ್ಲ, ನಾ ಹೇಳಿಲ್ಲ. ಕೇಳಿದರ ಇದ್ದದ್ದು ಹೇಳ್ತೀನಿ."

"ಮತ್ತ ಈಕೀದು?"

"ಈದ್ ಆದ ಮ್ಯಾಲೆ ಮಾತಾಡೂನು."

ಬಾಗಿಲ ಹಿಂದಿದ್ದ ಸಾಬೇರಾಗೆ ಅಷ್ಟು ಸಾಕಾಯಿತು. ಇನ್ನು ಯಾರಾದರೂ ಕೇಳುವುದೊಂದೇ ಬಾಕಿ. ಕೇಳುವವರು ಯಾರೆಂದೂ ಅವಳಿಗೆ ಗೊತ್ತಿತ್ತು.

ಹತ್ತೊಂಬತ್ತನೆಯ ರೋಜಾದ ಬೆಳಿಗ್ಗೆ ಅವಳಿಗೆ ಎಚ್ಚರವಾದದ್ದು ಹೊರಗಿನ ದನಿಗೆ. ಗೋಡೆಯ ಗಡಿಯಾರದಲ್ಲಿ ಆರೂ ಮೂವತ್ತೈದು. ಕಟ್ಟೆಯ ಮೇಲೆ ಹಜರಾಬೀ ಕೂತಿದ್ದಳು.

"ಸೊಸಿ ಕಾಣವಲ್ಲಳಲ್ಲ ಆಪಾ."

"ಮಲಗ್ಯಾಳ."

"ಇಷ್ಟು ಹೊತ್ತು? ನಿನ್ನ ಮನ್ಯಾಗ?" ಹಜರಾಬೀ ನಕ್ಕಳು. "ನಾ ನಿನಗ ಕೇಳಬೇಕಂತ ಇದ್ದೆ. ಆವತ್ತು ಏನೋ ಚೀರಿದಂಗಾತು. ಕರದರ ನೀ ಓ ಅನ್ನಲಿಲ್ಲ. ಮರುದಿನ ಇಬ್ಬರೂ ಬಸ್ ಹತ್ತಿದಿರಿ. ಹೊಲಿಯಾಕ ಕೊಟ್ಟದ್ದು ವಾಪಸ್ ಬಂತು. ಮಂದಿ ಏನೇನೋ ಅನ್ನಾಕತ್ತಾರ. ನಿನ್ನ ಸೊಸೀಗಿ ಏನರ ಅದಯೇನು, ಖರೇ ಹೇಳು."

ಸಾಬೇರಾ ಕೌದಿಯ ಅಂಚನ್ನು ಹಿಡಿದುಕೊಂಡಳು. ಏಳಬೇಕೆನಿಸಿತು. ಎದ್ದು ಏನು ಮಾಡುವುದೆಂದು ತಿಳಿಯದೆ ಮಲಗಿಯೇ ಇದ್ದಳು. ಓಣಿಯ ತುದಿಯಲ್ಲಿ ಯಾವುದೋ ಬೈಕು ಶುರುವಾಗದೆ ಕೆಮ್ಮುತ್ತಿತ್ತು.

"ಚೀರಿದಾಕಿ ನಾನು," ಎಂದಳು ಗೌಹರಬೇಗಂ.

"ನೀನಾ?"

"ಪಡಸಾಲ್ಯಾಗ ತಲಿ ತಿರುಗಿ ಬಿದ್ದೆ. ಶಹಾಪುರಕ್ಕ ತೋರಿಸಾಕ ಆಕಿನ ನನ್ನ ಕರಕೊಂಡು ಹೋಗಿದ್ದಳು. ಆವತ್ತಿಂದ ನನ್ನ ಕೈಲೆ ಬ್ಯಾಗ ಏಳೋದ ಆಗವಲ್ದು ಹಜರಾ. ಅಜಾನ್ ಹತ್ತಿರ ಬರೋ ತನಕ ಹೆಣದಂಗ ಬಿದ್ದಿರ್ತೀನಿ. ಸಹರಿ ಎಲ್ಲಾ ಆಕಿನ ಮಾಡ್ತಾಳ, ನನ್ನ ಎಬ್ಬಿಸಿ ಉಣಸ್ತಾಳ. ಅದಕ್ಕ ಹೊಲಿಗಿ ಬ್ಯಾಡ ಅಂದೆ. ಈಗ ಎರಡ ತಾಸು ಮಲಗಲಿ ಅಂತ ಬಿಟ್ಟೀನಿ."

"ನೀ ಮಲಗ್ತೀ?" ಹಜರಾಬೀಯ ದನಿಯಲ್ಲಿ ನಂಬಲಾಗದ ಸಂತೋಷವಿತ್ತು. "ಓಣಿಗೆಲ್ಲಾ ನಿದ್ದಿ ಸಲುವಾಗಿ ಬೈದಾಕಿ ನೀ ಮಲಗ್ತೀಯೇನ್ ಆಪಾ?"

"ಮಲಗ್ತೀನಿ. ವಯಸ್ಸಾತು. ಹೋಗಿ ಎಲ್ಲಾರಿಗೂ ಹೇಳು."

ಹಜರಾಬೀ ಹೇಳುವುದಕ್ಕೇ ಹೊರಟಳು, ಚಪ್ಪಲಿಯ ಸದ್ದು ಅವಸರದಲ್ಲಿತ್ತು. ಗೌಹರಬೇಗಂ ಒಳಗೆ ಬಂದಳು. ಕೋಣೆಯ ಬಾಗಿಲಲ್ಲಿ ನಿಂತು ನೋಡಿದಾಗ ಸಾಬೇರಾಳ ಕಣ್ಣುಗಳು ತೆರೆದಿದ್ದವು.

"ಏಳಾಕ ಇನ್ನಾ ಇಪ್ಪತ್ತು ನಿಮಿಷ ಅದ," ಎಂದಳು. "ಕಣ್ಣ ಮುಚ್ಚು."

ಸಾಬೇರಾ ಮುಚ್ಚಿದಳು. ಹಿತ್ತಲಲ್ಲಿ ಹಂಡೆಯಿಂದ ನೀರು ತೆಗೆದ ಸದ್ದು ಕೇಳಿಸಿತು. ಗೌಹರಬೇಗಂ ಒಂದು ಹನಿಯೂ ಒಳಗೆ ಇಳಿಯದಂತೆ, ರೋಜಾ ಹಿಡಿದ ಬಾಯಿಯನ್ನು ಮೂರು ಸಲ ಮುಕ್ಕಳಿಸಿ ಉಗುಳಿದಳು.